‘ಸರ್ವರ್ ಡೌನ್’ ಎಂಬ ಸಿದ್ಧ ಉತ್ತರ: ದತ್ತಾಂಶ ಬೆಳೆದಂತೆ ಹುಡುಕಾಟ ಏಕೆ ನಿಧಾನವಾಗುತ್ತದೆ?

ಬೆಂಗಳೂರು: ರಾಜ್ಯದ ಸರ್ಕಾರಿ ಕಚೇರಿಗಳ ಕಿಟಕಿಗಳಲ್ಲಿ ಕಳೆದ ಎರಡು ದಶಕಗಳಿಂದ ಅತಿ ಹೆಚ್ಚು ಕೇಳಿಬರುತ್ತಿರುವ ಇಂಗ್ಲಿಷ್ ಮಾತು ಯಾವುದೆಂದರೆ ‘ಸರ್ವರ್ ಡೌನ್’ ಎನ್ನಲಡ್ಡಿಯಿಲ್ಲ. ನಾಡಕಚೇರಿ, ಉಪನೋಂದಣಿ ಕಚೇರಿ, ಪಡಿತರ ಅಂಗಡಿ ಹೀಗೆ ಎಲ್ಲಿ ವಿಳಂಬವಾದರೂ ಈ ಎರಡು ಪದಗಳೇ ಉತ್ತರ. ಕೇಳುವವರಿಗೂ ಅದು ಒಗ್ಗಿಹೋಗಿದೆ. ಹೇಳುವವರಿಗಂತೂ ಅದಕ್ಕಿಂತ ಸುಲಭದ ಸಮಜಾಯಿಷಿ ಇನ್ನೊಂದಿಲ್ಲ.

ಆದರೆ ಈ ಉತ್ತರ ಬಹಳಷ್ಟು ಸಂದರ್ಭಗಳಲ್ಲಿ ನಿಜವಲ್ಲ. ಸರ್ವರ್ ಡೌನ್ ಎಂದರೆ ಯಂತ್ರ ನಿಂತುಹೋಗಿದೆ, ಯಾರಿಗೂ ಏನೂ ಸಿಗುತ್ತಿಲ್ಲ ಎಂದರ್ಥ. ಜನಸಾಮಾನ್ಯರು ದಿನನಿತ್ಯ ಕಾಣುವುದು ಬೇರೆಯೇ ಬಗೆಯ ತೊಂದರೆ. ಯಂತ್ರ ನಡೆಯುತ್ತಿರುತ್ತದೆ, ದಾಖಲೆಯೂ ಅದರೊಳಗೇ ಇರುತ್ತದೆ. ಕೇಳಿದ ದಾಖಲೆಯನ್ನು ಹುಡುಕಿ ಕೊಡಲು ಮಾತ್ರ ಅದು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನೆನಪಿಸುವ ಸ್ಥಿತಿಯಿದು.

ಈ ಎರಡು ತೊಂದರೆಗಳಿಗೆ ಕಾರಣಗಳೂ ಬೇರೆ, ಪರಿಹಾರಗಳೂ ಬೇರೆ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಆಗುವ ನಷ್ಟ ಸಣ್ಣದಲ್ಲ. ರೋಗ ಯಾವುದೆಂದು ನೋಡದೆ ಹೊಸ ಯಂತ್ರ ಖರೀದಿಸುವ ಔಷಧಿಯನ್ನೇ ಮತ್ತೆ ಮತ್ತೆ ಕೊಡಲಾಗುತ್ತದೆ. ಅದಕ್ಕೆ ವ್ಯಯವಾಗುವುದು ಸಾರ್ವಜನಿಕ ಹಣ.

ಭೂಮಿ ಬೆಳೆಯುವುದಿಲ್ಲ, ದಾಖಲೆ ಬೆಳೆಯುತ್ತದೆ

ಭೂದಾಖಲೆಗಳ ಗಣಕೀಕರಣದಲ್ಲಿ ಕರ್ನಾಟಕ ದೇಶಕ್ಕೇ ಮಾದರಿಯಾಗಿದ್ದುದು ಸರ್ವವಿದಿತ. 2000ರ ದಶಕದ ಆರಂಭದಲ್ಲಿ ಕಂದಾಯ ಇಲಾಖೆ ಜಾರಿಗೆ ತಂದ ‘ಭೂಮಿ’ ಯೋಜನೆ, ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಸೇರಿಸಿತು. ಅಂದಾಜು 9 ಸಾವಿರ ಗ್ರಾಮ ಲೆಕ್ಕಿಗರ ವಶದಲ್ಲಿದ್ದ ಕೈಬರಹದ ಪಹಣಿ, 15 ರೂಪಾಯಿ ಶುಲ್ಕಕ್ಕೆ ತಾಲ್ಲೂಕು ಕಚೇರಿಯ ಕಿಯಾಸ್ಕ್‌ನಲ್ಲಿ ಮುದ್ರಿತ ರೂಪದಲ್ಲಿ ದೊರೆಯುವಂತಾಯಿತು.

ಅಂದಿನ ಆ 2 ಕೋಟಿ ಎಂಬುದು ಆರಂಭದ ಅಂಕಿ ಮಾತ್ರ. ರಾಜ್ಯದ ಭೂಮಿಯ ವಿಸ್ತೀರ್ಣ ಹೆಚ್ಚುವುದಿಲ್ಲ, ಆದರೆ ದಾಖಲೆಗಳು ಹೆಚ್ಚುತ್ತಲೇ ಹೋಗುತ್ತವೆ. ಅಣ್ಣತಮ್ಮಂದಿರ ಪಾಲು ವಿಭಾಗವಾದಾಗಲೆಲ್ಲ ಒಂದು ಸರ್ವೆ ನಂಬರು ಹಲವು ಹಿಸ್ಸೆಗಳಾಗುತ್ತದೆ. ಪ್ರತಿ ಕ್ರಯ, ಪ್ರತಿ ಪೌತಿ ಖಾತೆ, ಪ್ರತಿ ಬ್ಯಾಂಕ್ ಸಾಲ ಹೊಸದೊಂದು ಸಾಲನ್ನು ಸೇರಿಸುತ್ತದೆ. ಬೆಳೆಯ ವಿವರ ವರ್ಷವರ್ಷವೂ ಹೊಸದಾಗಿ ದಾಖಲಾಗುತ್ತದೆ. ಹಳೆಯದನ್ನು ಅಳಿಸುವಂತಿಲ್ಲ, ನಾಳೆ ನ್ಯಾಯಾಲಯದಲ್ಲಿ ಬೇಕಾಗುವುದು ಆ ಹಳೆಯ ದಾಖಲೆಯೇ.

ಆಸ್ತಿ ನೋಂದಣಿಯ ‘ಕಾವೇರಿ’ ವ್ಯವಸ್ಥೆಯದೂ ಇದೇ ಕತೆ. 2023ರಲ್ಲಿ ಅದರ ಹೊಸ ಆವೃತ್ತಿ ‘ಕಾವೇರಿ 2.0’ ರಾಜ್ಯದಾದ್ಯಂತ ಬಳಕೆಗೆ ಬಂದಿತು. ಆಸ್ತಿಯೊಂದರ ಋಣಭಾರ ಪತ್ರ ಬೇಕೆಂದರೆ ಅಷ್ಟೂ ವರ್ಷಗಳ ನೋಂದಣಿಗಳ ನಡುವೆ ಅದಕ್ಕೆ ಸಂಬಂಧಿಸಿದವುಗಳನ್ನೆಲ್ಲ ಆರಿಸಿ ತೆಗೆಯಬೇಕು. ಪ್ರತಿ ವರ್ಷ ಕಳೆದಂತೆ ಈ ಹುಡುಕಾಟದ ವ್ಯಾಪ್ತಿ ಹಿಗ್ಗುತ್ತಲೇ ಇರುತ್ತದೆ.

ತಂತ್ರಾಂಶ ಬದಲಾಗಿಲ್ಲ, ಯಂತ್ರವೂ ಬದಲಾಗಿಲ್ಲ. ಆದರೂ ಮೊದಲ ವರ್ಷ ಚುರುಕಾಗಿದ್ದ ವ್ಯವಸ್ಥೆ ಐದನೆಯ ವರ್ಷಕ್ಕೆ ಏದುಸಿರು ಬಿಡುತ್ತದೆ. ಸರ್ಕಾರಿ ವ್ಯವಸ್ಥೆಗಳಿಗಷ್ಟೇ ಸೀಮಿತವಾದ ಸಮಸ್ಯೆ ಇದಲ್ಲ. ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾಲಯ, ಅಂಗಡಿ ಹೀಗೆ ದತ್ತಾಂಶ ಕೂಡಿಡುವ ಪ್ರತಿಯೊಂದು ಸಂಸ್ಥೆಯೂ ಒಂದಲ್ಲ ಒಂದು ದಿನ ಇದನ್ನು ಎದುರಿಸುತ್ತದೆ.

ರೆಕಾರ್ಡ್ ರೂಮಿನ ಲೆಕ್ಕ

ಕಾರಣ ತಿಳಿಯಲು ತಾಲ್ಲೂಕು ಕಚೇರಿಯ ಹಳೆಯ ರೆಕಾರ್ಡ್ ರೂಮನ್ನೇ ಕಲ್ಪಿಸಿಕೊಳ್ಳಬಹುದು. ಕಡತಗಳನ್ನು ಯಾವ ಕ್ರಮವೂ ಇಲ್ಲದೆ ರಾಶಿ ಹಾಕಿದ್ದರೆ, ಒಂದು ಕಡತ ಬೇಕಾದಾಗ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ತೆರೆದು ನೋಡಬೇಕು. ಕಡತಗಳು ಹತ್ತು ಪಟ್ಟಾದರೆ ಶ್ರಮವೂ ಹತ್ತು ಪಟ್ಟು. ಡೇಟಾಬೇಸ್ ಕೂಡ ಬೇರೆ ದಾರಿ ಇಲ್ಲದಿದ್ದಾಗ ಹೀಗೆಯೇ ಮಾಡುತ್ತದೆ. ಇದನ್ನು ತಂತ್ರಜ್ಞರು ‘ಫುಲ್ ಟೇಬಲ್ ಸ್ಕ್ಯಾನ್’ ಎನ್ನುತ್ತಾರೆ.

ಒಂದು ಸರಳ ಲೆಕ್ಕ ನೋಡೋಣ. ಒಂದು ದಾಖಲೆಗೆ 500 ಬೈಟ್ ಸ್ಥಳ ಬೇಕೆಂದಿಟ್ಟುಕೊಂಡರೆ 2 ಕೋಟಿ ದಾಖಲೆಗಳು ಸುಮಾರು 10 ಗಿಗಾಬೈಟ್ ಆಗುತ್ತವೆ. ಸೆಕೆಂಡಿಗೆ 200 ಮೆಗಾಬೈಟ್ ಓದಬಲ್ಲ ಡಿಸ್ಕ್, ಅಷ್ಟನ್ನೂ ಒಮ್ಮೆ ಓದಿ ಮುಗಿಸಲು 50 ಸೆಕೆಂಡ್ ತೆಗೆದುಕೊಳ್ಳುತ್ತದೆ. ಇದು ಒಬ್ಬನೇ ಒಬ್ಬ ಕೇಳಿದಾಗಿನ ಮಾತು.

ಇದೇ ತಂತ್ರಾಂಶವನ್ನು ಗುತ್ತಿಗೆದಾರರು ಪ್ರಾತ್ಯಕ್ಷಿಕೆಗಾಗಿ 10 ಸಾವಿರ ದಾಖಲೆಗಳ ಮೇಲೆ ನಡೆಸಿ ತೋರಿಸಿದ್ದರೆ, ಓದಬೇಕಾದುದು ಬರೀ 5 ಮೆಗಾಬೈಟ್. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂದಿರುತ್ತದೆ. ನೋಡಿದ ಅಧಿಕಾರಿಗಳು ಮೆಚ್ಚಿ ಒಪ್ಪಿಗೆ ಕೊಟ್ಟಿರುತ್ತಾರೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ತಪ್ಪಿರುವುದು ಸಣ್ಣ ರಾಶಿಯ ಮೇಲೆ ಪರೀಕ್ಷಿಸಿ ದೊಡ್ಡ ರಾಶಿಗೆ ಪ್ರಮಾಣಪತ್ರ ಕೊಟ್ಟ ಕ್ರಮದಲ್ಲಿ.

ಈ ಸಮಸ್ಯೆಗೆ ಪರಿಹಾರ ಅರ್ಧ ಶತಮಾನದಷ್ಟು ಹಳೆಯದು. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುವಂತೆ ಡೇಟಾಬೇಸಿಗೂ ಸೂಚಿಯೊಂದನ್ನು ಕಟ್ಟಬಹುದು, ಅದೇ ಇಂಡೆಕ್ಸ್. ಇಂದು ಬಹುತೇಕ ಡೇಟಾಬೇಸ್‌ಗಳು ಬಳಸುವ ‘ಬಿ-ಟ್ರೀ’ ಎಂಬ ಇಂಡೆಕ್ಸ್ ರಚನೆಯನ್ನು ರೂಪಿಸಿದವರು ಬೋಯಿಂಗ್ ಕಂಪನಿಯ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್, 1970ರ ದಶಕದ ಆರಂಭದಲ್ಲಿ.

ಇದರ ಶಕ್ತಿ ಬೆರಗು ಹುಟ್ಟಿಸುವಂಥದು. ಇಂಡೆಕ್ಸಿನ ಒಂದೊಂದು ಪುಟವೂ ಮುಂದಿನ 300 ಪುಟಗಳಿಗೆ ದಾರಿ ತೋರಿಸುತ್ತದೆ ಎಂದುಕೊಂಡರೆ, ಮೂರು ಮೆಟ್ಟಿಲುಗಳಲ್ಲಿ 2.7 ಕೋಟಿ ದಾಖಲೆಗಳನ್ನು ತಲುಪಬಹುದು. ನಾಲ್ಕನೆಯ ಮೆಟ್ಟಿಲು ಸೇರಿದರೆ 810 ಕೋಟಿ. ಅಂದರೆ ದಾಖಲೆಗಳು ನೂರಾರು ಪಟ್ಟು ಹೆಚ್ಚಿದರೂ ಹೆಚ್ಚುವ ಶ್ರಮ ಒಂದು ಮೆಟ್ಟಿಲಿನಷ್ಟು ಮಾತ್ರ. ಸರಿಯಾದ ಇಂಡೆಕ್ಸ್ ಇರುವ ಹುಡುಕಾಟಕ್ಕೂ ಇಲ್ಲದ ಹುಡುಕಾಟಕ್ಕೂ ಇರುವ ಅಂತರ ಇದು. ಈ ಅಂತರವನ್ನು ಯಾವ ದುಬಾರಿ ಯಂತ್ರವೂ ತುಂಬಿಕೊಡಲಾರದು.

ಸೂಚಿ ಇದ್ದರೂ ದಾರಿ ತಪ್ಪುವುದೇಕೆ?

ಹಾಗಾದರೆ ಎಲ್ಲದಕ್ಕೂ ಇಂಡೆಕ್ಸ್ ಕಟ್ಟಿಬಿಟ್ಟರೆ ಆಯಿತಲ್ಲ ಎಂಬ ಪ್ರಶ್ನೆ ಸಹಜ. ವಾಸ್ತವ ಅಷ್ಟು ಸರಳವಲ್ಲ.

ಮೊದಲನೆಯದಾಗಿ, ಇಂಡೆಕ್ಸಿಗೆ ಒಂದು ಕ್ರಮವಿರುತ್ತದೆ. ಪಹಣಿ ಹುಡುಕುವಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂಬ ಕ್ರಮದಲ್ಲಿ ವಿವರ ಕೊಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಇದೇ ಕ್ರಮದಲ್ಲಿ ಕಟ್ಟಿದ ಇಂಡೆಕ್ಸ್, ಅಂಚೆಯಣ್ಣ ವಿಳಾಸ ಹಿಡಿದು ಮನೆ ಮುಟ್ಟಿದಂತೆ ನೇರವಾಗಿ ದಾಖಲೆಗೆ ಒಯ್ಯುತ್ತದೆ. ಆದರೆ ‘ಸರ್ವೆ ನಂಬರು 45, ಹಿಸ್ಸಾ 2’ ಎಂದಷ್ಟೇ ಹೇಳಿ ಊರನ್ನು ಹೇಳದಿದ್ದರೆ ಆ ಇಂಡೆಕ್ಸ್ ನಿರುಪಯುಕ್ತ. ಮೇಲಧಿಕಾರಿಗಳಿಗೆ ವರದಿ ಸಿದ್ಧಪಡಿಸುವ ಹಲವು ಪ್ರಶ್ನೆಗಳು ಹೀಗೆ ಕ್ರಮ ತಪ್ಪಿದವೇ ಆಗಿರುತ್ತವೆ.

ಎರಡನೆಯದು ಹೆಸರಿನ ಹುಡುಕಾಟ. ನಿಘಂಟಿನಲ್ಲಿ ‘ಸಿದ್ದ’ ಎಂದು ಆರಂಭವಾಗುವ ಪದಗಳನ್ನು ತಕ್ಷಣ ಹುಡುಕಬಹುದು. ‘ಗೌಡ’ ಎಂದು ಕೊನೆಯಾಗುವ ಪದಗಳನ್ನು ಹುಡುಕಬೇಕಾದರೆ ಇಡೀ ನಿಘಂಟನ್ನೇ ಓದಬೇಕು. ಇಂಡೆಕ್ಸಿನ ಸ್ಥಿತಿಯೂ ಅದೇ. ಕನ್ನಡದಲ್ಲಿ ಈ ತೊಡಕು ಇಮ್ಮಡಿ. ಒಬ್ಬರೇ ರೈತರು ಒಂದು ದಾಖಲೆಯಲ್ಲಿ ‘ಸಿದ್ದಪ್ಪ’, ಮತ್ತೊಂದರಲ್ಲಿ ‘ಸಿದ್ಧಪ್ಪ’, ಇನ್ನೊಂದರಲ್ಲಿ ‘ಸಿದ್ದಪ್ಪ ಬಿನ್’ ಎಂದು ಸೇರಿ ತಂದೆಯ ಹೆಸರಿನೊಡನೆ ಇರುತ್ತಾರೆ. ಯಾವುದೂ ತಪ್ಪಿಹೋಗಬಾರದೆಂದು ತಂತ್ರಾಂಶ ಬರೆದವರು ‘ಹೆಸರಿನಲ್ಲಿ ಎಲ್ಲಿಯಾದರೂ ಈ ಅಕ್ಷರಗಳಿದ್ದರೆ ತೋರಿಸು’ ಎಂದು ಬರೆದುಬಿಡುತ್ತಾರೆ. ಉದ್ದೇಶ ಒಳ್ಳೆಯದೇ, ಆದರೆ ಪ್ರತಿ ಬಾರಿಯೂ ಇಡೀ ರಾಶಿಯನ್ನು ಜಾಲಾಡುವ ಶಿಕ್ಷೆ ಡೇಟಾಬೇಸಿಗೆ.

ಮೂರನೆಯದು ಡೇಟಾಬೇಸ್ ತಾನೇ ಮಾಡಿಕೊಳ್ಳುವ ಅಂದಾಜು. ಪ್ರಶ್ನೆಯೊಂದು ಬಂದೊಡನೆ ಅದನ್ನು ಯಾವ ದಾರಿಯಲ್ಲಿ ಬಿಡಿಸಬೇಕೆಂದು ಡೇಟಾಬೇಸ್ ಮೊದಲು ಯೋಜನೆ ಹಾಕುತ್ತದೆ. ಖರ್ಚಿನ ಅಂದಾಜಿನ ಮೇಲೆ ದಾರಿ ಆರಿಸುವ ಈ ವಿಧಾನವನ್ನು ಐಬಿಎಂ ಸಂಸ್ಥೆಯ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದರು. ಅಂದಾಜಿಗೆ ಆಧಾರ, ಡೇಟಾಬೇಸ್ ತನ್ನೊಳಗಿನ ದತ್ತಾಂಶದ ಬಗ್ಗೆ ಇಟ್ಟುಕೊಂಡಿರುವ ಅಂಕಿಅಂಶಗಳು. ಅವು ಹಳತಾಗಿದ್ದರೆ, ಕೋಷ್ಟಕದಲ್ಲಿ ಸಾವಿರ ಸಾಲುಗಳಿವೆ ಎಂದು ನಂಬಿ ಹೊರಟ ಡೇಟಾಬೇಸ್ ಕೋಟಿ ಸಾಲುಗಳ ನಡುವೆ ಸಿಕ್ಕಿಬೀಳುತ್ತದೆ. ಹಳೆಯ ಜನಗಣತಿ ನೋಡಿ ಇಂದಿನ ಬಸ್ಸುಗಳ ಸಂಖ್ಯೆ ನಿಗದಿ ಮಾಡಿದಂತೆ.

ನಾಲ್ಕನೆಯದು ಬೀಗ. ಹಕ್ಕು ಬದಲಾವಣೆಯಂತಹ ತಿದ್ದುಪಡಿ ನಡೆಯುವಾಗ ಅದೇ ದಾಖಲೆಯನ್ನು ಇನ್ನೊಬ್ಬರು ಏಕಕಾಲಕ್ಕೆ ತಿದ್ದದಂತೆ ಡೇಟಾಬೇಸ್ ತಡೆ ಹಿಡಿಯುತ್ತದೆ. ಈ ತಡೆ ಕ್ಷಣಮಾತ್ರದ್ದಾಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ತಿದ್ದುಪಡಿಯನ್ನು ಆರಂಭಿಸಿದ ತಂತ್ರಾಂಶ ನಡುವೆ ಬೇರೊಂದು ಇಲಾಖೆಯ ಉತ್ತರಕ್ಕಾಗಿ ಕಾಯುತ್ತ ನಿಂತರೆ, ಹಿಂದಿರುವವರೆಲ್ಲ ಅದರೊಡನೆ ಕಾಯಬೇಕು. ಇಂತಹ ಸಂದರ್ಭದಲ್ಲಿ ಯಂತ್ರ ಬಹುಮಟ್ಟಿಗೆ ಬಿಡುವಾಗಿಯೇ ಇರುತ್ತದೆ. ಎರಡು ಪಟ್ಟು ಶಕ್ತಿಯ ಯಂತ್ರ ತಂದರೆ ಅದೂ ಬಿಡುವಾಗಿಯೇ ಕಾಯುತ್ತದೆ.

ಮೇಲಾಗಿ ಇಂಡೆಕ್ಸ್ ಪುಕ್ಕಟೆಯಲ್ಲ. ಹೊಸ ದಾಖಲೆ ಸೇರಿದಾಗಲೆಲ್ಲ ಸಂಬಂಧಿಸಿದ ಇಂಡೆಕ್ಸ್‌ಗಳನ್ನೂ ತಿದ್ದಬೇಕು. ಹತ್ತು ಇಂಡೆಕ್ಸ್ ಇದ್ದರೆ ಒಂದು ನೋಂದಣಿಗೆ ಹತ್ತು ಕಡೆ ಬರೆಯುವ ಕೆಲಸ. ಹುಡುಕಾಟ ಚುರುಕಾಗಲೆಂದು ಸಿಕ್ಕಸಿಕ್ಕಲ್ಲಿ ಇಂಡೆಕ್ಸ್ ಕಟ್ಟಿದರೆ ನೋಂದಣಿಯೇ ನಿಧಾನವಾಗುವ ಅಪಾಯವಿದೆ.

ಕೊನೆಯ ದಿನದ ನೂಕುನುಗ್ಗಲು

ನಿಧಾನ ಎಂಬುದು ವರ್ಷಪೂರ್ತಿ ಒಂದೇ ಸಮನೆ ಕಾಣಿಸುವುದಿಲ್ಲ. ಜೂನ್‌ನಲ್ಲಿ ಶಾಲಾ ಕಾಲೇಜು ಪ್ರವೇಶಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮುಂಗಾರಿನಲ್ಲಿ ಬೆಳೆ ವಿಮೆ ನೋಂದಣಿಯ ಕೊನೆಯ ದಿನ, ಹೊಸ ಯೋಜನೆ ಘೋಷಣೆಯಾದ ಮೊದಲ ವಾರ ಹೀಗೆ ಕೆಲವು ದಿನಗಳಲ್ಲಿ ವ್ಯವಸ್ಥೆ ಹಠಾತ್ತನೆ ಕುಸಿಯುತ್ತದೆ. 2023ರಲ್ಲಿ ಗೃಹಜ್ಯೋತಿ ಮತ್ತು ಗೃಹಲಕ್ಷ್ಮಿ ಯೋಜನೆಗಳ ನೋಂದಣಿ ಆರಂಭವಾದಾಗ ರಾಜ್ಯದೆಲ್ಲೆಡೆ ಜನ ಗಂಟೆಗಟ್ಟಲೆ ಕಾದುದು ಇನ್ನೂ ನೆನಪಿನಲ್ಲಿದೆ.

ಇದರ ಹಿಂದೆಯೂ ಗಣಿತವಿದೆ. ಸರತಿ ಸಾಲುಗಳ ಸಿದ್ಧಾಂತದ ಸರಳ ಮಾದರಿಯ ಪ್ರಕಾರ, ಒಂದು ಸೆಕೆಂಡಿನ ಕೆಲಸ ಯಂತ್ರ ತನ್ನ ಸಾಮರ್ಥ್ಯದ ಶೇ 50ರಷ್ಟು ದುಡಿಯುತ್ತಿರುವಾಗ ಸರಾಸರಿ 2 ಸೆಕೆಂಡ್ ತೆಗೆದುಕೊಳ್ಳುತ್ತದೆ. ಶೇ 90 ಮುಟ್ಟಿದಾಗ 10 ಸೆಕೆಂಡ್, ಶೇ 95ಕ್ಕೆ 20 ಸೆಕೆಂಡ್. ಕೊನೆಯ ಐದು ಶೇಕಡ ಹೊರೆ ಕಾಯುವ ಅವಧಿಯನ್ನು ಇಮ್ಮಡಿಗೊಳಿಸಿತು. ದತ್ತಾಂಶ ಬೆಳೆದು ಪ್ರತಿ ಪ್ರಶ್ನೆಯೂ ತುಸು ಭಾರವಾದಾಗ ಯಂತ್ರ ಸಾಮಾನ್ಯ ದಿನಗಳಲ್ಲೇ ಈ ಅಂಚಿಗೆ ಬಂದು ನಿಂತಿರುತ್ತದೆ. ಕೊನೆಯ ದಿನದ ಜನಸಂದಣಿ ಅದನ್ನು ತಳ್ಳುತ್ತದೆ, ಅಷ್ಟೇ.

ಪ್ರಶ್ನೆಗಳ ಸಂಖ್ಯೆಯೇ ಮುಳುವಾಗುವುದಕ್ಕೆ ಯುಪಿಐ ಪಾವತಿ ವ್ಯವಸ್ಥೆ ತಾಜಾ ನಿದರ್ಶನ. 2016ರಲ್ಲಿ ಆರಂಭವಾದ ಯುಪಿಐ, 2025ರ ಆಗಸ್ಟ್ ಒಂದೇ ತಿಂಗಳಿನಲ್ಲಿ 2,000 ಕೋಟಿಗೂ ಹೆಚ್ಚು ವಹಿವಾಟು ಕಂಡಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅದು ತಾಸುಗಟ್ಟಲೆ ಕೈಕೊಟ್ಟಾಗ ಬೆಳಕಿಗೆ ಬಂದ ಕಾರಣ ಹಣದ ವರ್ಗಾವಣೆಯದಾಗಿರಲಿಲ್ಲ. ‘ಹಿಂದಿನ ವಹಿವಾಟು ಏನಾಯಿತು’ ಎಂದು ಬ್ಯಾಂಕುಗಳ ಕಡೆಯಿಂದ ಪದೇಪದೇ ಬರುತ್ತಿದ್ದ ವಿಚಾರಣೆಗಳೇ ಹೊರೆಯಾಗಿದ್ದವು. ಆನಂತರ ರಾಷ್ಟ್ರೀಯ ಪಾವತಿ ನಿಗಮ ಆಗಸ್ಟ್ 1ರಿಂದ ಇಂತಹ ವಿಚಾರಣೆಗಳಿಗೆ ಮಿತಿ ಹೇರಿತು. ಒಂದು ಆ್ಯಪ್ ಮೂಲಕ ಖಾತೆಯ ಬಾಕಿ ನೋಡುವುದಕ್ಕೂ ದಿನಕ್ಕೆ 50 ಬಾರಿ ಎಂಬ ಗಡಿ ಬಿತ್ತು. ಕಾರಣ ಖಚಿತವಾಗಿ ಗೊತ್ತಾದುದರಿಂದಲೇ ಮದ್ದು ಗುರಿ ತಪ್ಪಲಿಲ್ಲ.

ಕಾವೇರಿ 2.0 ವ್ಯವಸ್ಥೆಯ ಅನುಭವ ಇನ್ನೊಂದು ಪಾಠ. 2025ರ ಆರಂಭದಲ್ಲಿ ಅದು ಸ್ತಬ್ಧವಾಗಿ ಆಸ್ತಿ ನೋಂದಣಿ ಕುಂಠಿತಗೊಂಡಾಗ, ದುರುದ್ದೇಶದಿಂದ ಕೃತಕ ದಟ್ಟಣೆ ಸೃಷ್ಟಿಸಿ ದಾಳಿ ನಡೆಸಲಾಗಿದೆ ಎಂದು ಸರ್ಕಾರ ಪ್ರಕಟಿಸಿತು. ಪೊಲೀಸರಿಗೆ ದೂರನ್ನೂ ನೀಡಲಾಯಿತು. ಹೊರಗಿನ ದಾಳಿಗೆ ಬೇಕಾದುದು ತಡೆಗೋಡೆಯೇ ಹೊರತು ಇಂಡೆಕ್ಸ್ ಅಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ಭಾರವಾದ ಹುಡುಕಾಟಗಳಿರುವ ವ್ಯವಸ್ಥೆಯನ್ನು ಉರುಳಿಸಲು ದಾಳಿಕೋರರಿಗೆ ಹೆಚ್ಚು ಬಲ ಬೇಕಾಗುವುದಿಲ್ಲ.

ರೋಗನಿದಾನದ ಕ್ರಮ

ಒಂದೇ ಲಕ್ಷಣಕ್ಕೆ ಇಷ್ಟೊಂದು ಕಾರಣಗಳಿರುವಾಗ ನಿಜವಾದುದನ್ನು ಗುರುತಿಸುವುದು ಹೇಗೆ? ಇದಕ್ಕೆ ಕೋಟಿಗಟ್ಟಲೆ ಖರ್ಚಿನ ಅಗತ್ಯವಿಲ್ಲ. ಬೇಕಾದ ಸಲಕರಣೆಗಳು ಬಹುಪಾಲು ಡೇಟಾಬೇಸಿನೊಳಗೇ ಇವೆ.

ಮೊದಲ ಹೆಜ್ಜೆ ದಾಖಲಾತಿ. ಯಾವ ಪ್ರಶ್ನೆಗೆ ಎಷ್ಟು ಸಮಯ ಹಿಡಿಯಿತೆಂದು ಬರೆದಿಡುವ ಸೌಲಭ್ಯ ಎಲ್ಲ ಪ್ರಮುಖ ಡೇಟಾಬೇಸ್‌ಗಳಲ್ಲೂ ಇದೆ. ಆದರೆ ಅದನ್ನು ಚಾಲೂ ಮಾಡಬೇಕು. ವ್ಯಾಪಕ ಬಳಕೆಯಲ್ಲಿರುವ ಮೈಎಸ್‌ಕ್ಯೂಎಲ್‌ನಲ್ಲಿ ನಿಧಾನ ಪ್ರಶ್ನೆಗಳ ದಾಖಲಾತಿ ಮೂಲತಃ ಬಂದ್ ಆಗಿರುತ್ತದೆ. ಚಾಲೂ ಮಾಡಿದರೂ 10 ಸೆಕೆಂಡ್ ಮೀರಿದ ಪ್ರಶ್ನೆಗಳನ್ನಷ್ಟೇ ಅದು ಗುರುತಿಸುತ್ತದೆ. ಗಡಿಯನ್ನು ಇಳಿಸದಿದ್ದರೆ 9 ಸೆಕೆಂಡಿನ ಪ್ರಶ್ನೆ ದಿನಕ್ಕೆ ಸಾವಿರ ಸಲ ಬಂದರೂ ಲೆಕ್ಕಕ್ಕೆ ಸಿಗುವುದಿಲ್ಲ.

ಎರಡನೆಯ ಹೆಜ್ಜೆ ಒಟ್ಟು ಹೊರೆಯ ಲೆಕ್ಕ. ಅನುಭವವಿಲ್ಲದವರು ಅತಿ ನಿಧಾನವಾದ ಪ್ರಶ್ನೆಯ ಬೆನ್ನು ಹತ್ತುತ್ತಾರೆ. 30 ಸೆಕೆಂಡಿನ ವರದಿಯೊಂದು ದಿನಕ್ಕೆ 10 ಬಾರಿ ಬಂದರೆ ಯಂತ್ರದ ಮೇಲಿನ ಹೊರೆ 300 ಸೆಕೆಂಡ್. ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ಮುಗಿಯುವ ಪ್ರಶ್ನೆ ದಿನಕ್ಕೆ 5 ಲಕ್ಷ ಬಾರಿ ಬಂದರೆ ಅದರ ಹೊರೆ 1 ಲಕ್ಷ ಸೆಕೆಂಡ್. ಯಂತ್ರವನ್ನು ಬಳಲಿಸುತ್ತಿರುವುದು ಎರಡನೆಯದು, ಆದರೆ ಬಿಡಿಯಾಗಿ ನೋಡಿದಾಗ ಅದು ನಿರುಪದ್ರವಿಯಂತೆ ಕಾಣುತ್ತದೆ. ಎಷ್ಟೋ ಸಲ ಅದಕ್ಕೆ ಮೂಲ ತಂತ್ರಾಂಶದ ಅಭ್ಯಾಸ: 50 ಹೆಸರುಗಳ ಪಟ್ಟಿ ತೋರಿಸಲು ಒಂದು ಪ್ರಶ್ನೆ, ಬಳಿಕ ಒಬ್ಬೊಬ್ಬರ ವಿವರಕ್ಕೂ ಒಂದೊಂದರಂತೆ ಒಟ್ಟು 51 ಪ್ರಶ್ನೆ. ಸಂತೆಯಿಂದ ತರಬೇಕಾದ ಸಾಮಾನಿನ ಚೀಟಿ ಕೈಯಲ್ಲಿದ್ದರೂ ಒಂದೊಂದು ವಸ್ತುವಿಗೂ ಒಂದೊಂದು ಸಲ ಸಂತೆಗೆ ಹೋಗಿ ಬಂದ ಹಾಗೆ.

ಮೂರನೆಯದು ಯೋಜನೆಯ ಪರಿಶೀಲನೆ. ‘ಎಕ್ಸ್‌ಪ್ಲೇನ್’ ಎಂಬ ಆದೇಶ ಕೊಟ್ಟರೆ, ಈ ಪ್ರಶ್ನೆಯನ್ನು ಯಾವ ದಾರಿಯಲ್ಲಿ ಬಿಡಿಸುತ್ತೇನೆಂದು ಡೇಟಾಬೇಸ್ ತಾನೇ ಹೇಳುತ್ತದೆ. ಇಂಡೆಕ್ಸ್ ಬಳಸಿತೇ, ಇಡೀ ಕೋಷ್ಟಕ ಓದಿತೇ, ಎಷ್ಟು ಸಾಲುಗಳೆಂದು ಅಂದಾಜಿಸಿತು, ವಾಸ್ತವದಲ್ಲಿ ಎಷ್ಟು ಸಿಕ್ಕವು ಎಂಬೆಲ್ಲ ವಿವರಗಳನ್ನು ಪಡೆಯಬಹುದು. ಅಂದಾಜಿಗೂ ವಾಸ್ತವಕ್ಕೂ ಸಾವಿರ ಪಟ್ಟು ವ್ಯತ್ಯಾಸ ಕಂಡರೆ ಅಂಕಿಅಂಶ ಹಳತಾಗಿದೆಯೆಂದು ಮೊದಲು ಶಂಕಿಸಬೇಕು. ವೈದ್ಯರ ಕೈಗೆ ರಕ್ತಪರೀಕ್ಷೆಯ ವರದಿ ಇದ್ದಂತೆ ಇದು.

ನಾಲ್ಕನೆಯದು, ಪ್ರಶ್ನೆ ದುಡಿಯುತ್ತಿದೆಯೇ ಅಥವಾ ಕಾಯುತ್ತಿದೆಯೇ ಎಂಬುದರ ಪರೀಕ್ಷೆ. ಕಾಯುತ್ತಿದ್ದರೆ ಯಾವುದಕ್ಕಾಗಿ? ಡಿಸ್ಕಿಗಾಗಿಯೇ, ಬೀಗಕ್ಕಾಗಿಯೇ, ಮತ್ತೊಂದು ಇಲಾಖೆಯ ಉತ್ತರಕ್ಕಾಗಿಯೇ? 2024ರಿಂದ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಬಳಿಕ ಒಂದು ನೋಂದಣಿಗೆ ಒಂದಕ್ಕಿಂತ ಹೆಚ್ಚು ವ್ಯವಸ್ಥೆಗಳು ಪರಸ್ಪರ ಮಾತನಾಡಬೇಕಾಗಿದೆ. ಸರಪಳಿಯಲ್ಲಿ ಒಂದು ಕೊಂಡಿ ನಿಧಾನವಾದರೂ ಕಿಟಕಿಯಲ್ಲಿ ನಿಂತವರಿಗೆ ಇಡೀ ಸರಪಳಿಯೇ ನಿಧಾನ.

ಐದನೆಯದು, ಒಂದು ಬಾರಿಗೆ ಒಂದೇ ಬದಲಾವಣೆ. ಬದಲಾವಣೆಗೆ ಮುನ್ನ ಅಳೆಯಬೇಕು, ಬಳಿಕವೂ ಅಳೆಯಬೇಕು. ಒಟ್ಟಿಗೆ ಹತ್ತು ಬದಲಾವಣೆ ಮಾಡಿದರೆ ವ್ಯವಸ್ಥೆ ಸುಧಾರಿಸಿದರೂ ಯಾವುದರಿಂದ ಸುಧಾರಿಸಿತೆಂದು ತಿಳಿಯದು. ಮುಂದಿನ ವರ್ಷ ಅದೇ ರೋಗ ಮರುಕಳಿಸಿದಾಗ ಮತ್ತೆ ಕತ್ತಲೆಯಲ್ಲಿ ತಡಕಾಟ.

ಅಳತೆಯಲ್ಲೂ ಎಚ್ಚರ ಬೇಕು. ಸರಾಸರಿ ಎಂಬುದು ಮೋಸ ಮಾಡುತ್ತದೆ. 100 ಜನರಲ್ಲಿ 95 ಜನರಿಗೆ ಕಾಲು ಸೆಕೆಂಡಿನಲ್ಲಿ, ಉಳಿದ 5 ಜನರಿಗೆ 15 ಸೆಕೆಂಡಿನಲ್ಲಿ ಉತ್ತರ ಸಿಕ್ಕರೆ ಸರಾಸರಿ ಒಂದು ಸೆಕೆಂಡಿಗೂ ಕಡಿಮೆ. ಕಡತದಲ್ಲಿ ಅದು ಸಾಧನೆ. ಆದರೆ ಆ ಐವರು ಯಾರೆಂದು ನೋಡಬೇಕು. ಹತ್ತಾರು ಹಿಸ್ಸೆಗಳಾಗಿ ಒಡೆದ, ಹತ್ತಾರು ಬಾರಿ ಕೈ ಬದಲಾದ ಜಮೀನಿನವರೇ ಅದರಲ್ಲಿ ಸಿಕ್ಕಿಬೀಳುವ ಸಂಭವ ಹೆಚ್ಚು. ಅವರ ದಾಖಲೆಯ ಇತಿಹಾಸವೇ ಉದ್ದ. ಸ್ಪಷ್ಟ ದಾಖಲೆಯ ಅಗತ್ಯ ಹೆಚ್ಚಾಗಿರುವುದೂ ಅವರಿಗೇ.

ಯಂತ್ರ ಖರೀದಿಯ ಆಕರ್ಷಣೆ

ಇಷ್ಟೆಲ್ಲ ಸಾಧ್ಯವಿದ್ದರೂ ಪರಿಹಾರವೆಂದರೆ ಹೊಸ ಸರ್ವರ್ ಎಂದೇ ಏಕೆ ಭಾವಿಸಲಾಗುತ್ತದೆ? ಉತ್ತರ ಆಡಳಿತದ ಸ್ವಭಾವದಲ್ಲಿದೆ. ಯಂತ್ರಕ್ಕೆ ಟೆಂಡರ್ ಕರೆಯಬಹುದು, ಬಜೆಟ್ ಶೀರ್ಷಿಕೆ ಇದೆ, ಉದ್ಘಾಟನೆಯೂ ಮಾಡಬಹುದು. ಒಬ್ಬ ತಜ್ಞ ಮೂರು ದಿನ ಕುಳಿತು ಒಂದು ಇಂಡೆಕ್ಸ್ ಸೇರಿಸಿ, ಎರಡು ಪ್ರಶ್ನೆಗಳನ್ನು ತಿದ್ದಿ ಬರೆದರೆ ಅದಕ್ಕೆ ಯಾವ ಶೀರ್ಷಿಕೆಯೂ ಇಲ್ಲ, ಫಲಕವೂ ಇಲ್ಲ.

ದೊಡ್ಡ ಯಂತ್ರದಿಂದ ಪ್ರಯೋಜನವೇ ಇಲ್ಲವೆಂದಲ್ಲ. ದತ್ತಾಂಶ ಯಂತ್ರದ ಮೆಮೊರಿಯನ್ನು ಮೀರಿ ಬೆಳೆದಾಗ ಓಟ ಒಮ್ಮೆಲೆ ಕುಗ್ಗುತ್ತದೆ. ಮೆಮೊರಿಯಿಂದ ಓದುವುದಕ್ಕಿಂತ ಹಳೆಯ ಬಗೆಯ ತಿರುಗುವ ಡಿಸ್ಕಿನಿಂದ ಓದುವುದು ಸುಮಾರು ಲಕ್ಷ ಪಟ್ಟು ನಿಧಾನ. ಅಲ್ಲಿ ಹೆಚ್ಚಿನ ಮೆಮೊರಿಗೆ ಹಣ ಹಾಕುವುದು ಜಾಣತನವೇ. ಆದರೆ ಇಡೀ ಕೋಷ್ಟಕ ಓದುವ ಪ್ರಶ್ನೆಯನ್ನು ಹಾಗೆಯೇ ಬಿಟ್ಟು ಯಂತ್ರದ ಶಕ್ತಿಯನ್ನು ಇಮ್ಮಡಿ ಮಾಡಿದರೆ, ದತ್ತಾಂಶ ಇಮ್ಮಡಿಯಾಗುವ ದಿನದವರೆಗೆ ಮಾತ್ರ ನೆಮ್ಮದಿ. ತೂತಿನ ಕೊಡ ದೊಡ್ಡದಾದರೆ ಸೋರುವುದು ನಿಲ್ಲುವುದಿಲ್ಲ.

ಹಳೆಯ ವರ್ಷಗಳ ದತ್ತಾಂಶವನ್ನು ಪ್ರತ್ಯೇಕ ಭಾಗಗಳಾಗಿ ವಿಂಗಡಿಸುವುದು, ಮೇಲಧಿಕಾರಿಗಳ ಭಾರೀ ವರದಿಗಳಿಗೆ ಡೇಟಾಬೇಸಿನ ಬೇರೊಂದು ಪ್ರತಿಯನ್ನು ಬಳಸುವುದು, ಕೊನೆಗೆ ಡೇಟಾಬೇಸನ್ನೇ ಹಲವು ಯಂತ್ರಗಳಿಗೆ ಹಂಚುವುದು ಇವೆಲ್ಲ ಮುಂದಿನ ಹೆಜ್ಜೆಗಳು. ಟಿಪ್ಪಣಿ ಸೇವೆಯ ‘ನೋಷನ್’ ಕಂಪನಿ 2021ರಲ್ಲಿ ತನ್ನ ಒಂದೇ ದೊಡ್ಡ ಡೇಟಾಬೇಸನ್ನು 32 ಡೇಟಾಬೇಸ್‌ಗಳಿಗೆ ಹಂಚಿದ ಬಗೆಯನ್ನು ಬಹಿರಂಗವಾಗಿ ವಿವರಿಸಿತ್ತು. ಅಂತಹ ಹೆಜ್ಜೆಯನ್ನು ಕಡೆಯದಾಗಿ ಇಡಬೇಕೇ ಹೊರತು ಮೊದಲನೆಯದಾಗಿ ಅಲ್ಲ. ಹಂಚಿದ ಮೇಲೆ ನಿರ್ವಹಣೆಯ ಜಟಿಲತೆಯೂ ಅಷ್ಟೇ ಹೆಚ್ಚುತ್ತದೆ.

ಸಕಾಲಕ್ಕೊಂದು ಗಡಿಯಾರ

ಸರ್ಕಾರಿ ಸೇವೆಗಳನ್ನು ನಿಗದಿತ ಅವಧಿಯಲ್ಲಿ ಪಡೆಯುವುದನ್ನು ಹಕ್ಕಾಗಿಸಿದ ರಾಜ್ಯ ಕರ್ನಾಟಕ. 2011ರ ಸಕಾಲ ಕಾಯ್ದೆ 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಯಲ್ಲಿದೆ. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಅವಕಾಶ ನಾಗರಿಕರಿಗಿದೆ. ಆ ಕಾಯ್ದೆಯ ಗಡಿಯಾರ ಓಡುವುದು ದಿನಗಳ ಲೆಕ್ಕದಲ್ಲಿ. ಅರ್ಜಿ ಸ್ವೀಕೃತವಾದ ಮೇಲೆ ಅದು ಓಡತೊಡಗುತ್ತದೆ. ಸರ್ವರ್ ನಿಧಾನವಾಗಿ ಅರ್ಜಿಯನ್ನೇ ಸಲ್ಲಿಸಲಾಗದೆ ಹಿಂದಿರುಗಿದವರ ದಿನ ಆ ಲೆಕ್ಕಕ್ಕೆ ಸೇರುವುದು ಹೇಗೆ? ಕೂಲಿ ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಬಂದವರ ಪಾಲಿಗೆ ಮಾತ್ರ ಅದು ಪೂರ್ತಿ ಒಂದು ದಿನದ ನಷ್ಟ.

ಈ ಅಂತರವನ್ನು ತುಂಬುವುದು ಕಷ್ಟಸಾಧ್ಯವೇನಲ್ಲ. ತಂತ್ರಾಂಶದ ಟೆಂಡರ್‌ನಲ್ಲಿ ಮುಂದಿನ ಐದು ವರ್ಷಗಳಲ್ಲಿ ದತ್ತಾಂಶ ಎಷ್ಟಾಗಬಹುದೆಂಬ ಅಂದಾಜು ಇರಬೇಕು. ಅಷ್ಟು ಪ್ರಮಾಣದ ಕೃತಕ ದತ್ತಾಂಶದ ಮೇಲೆ ಪರೀಕ್ಷೆ ನಡೆದ ಬಳಿಕವೇ ಒಪ್ಪಿಗೆ ಸಿಗಬೇಕು. 100ರಲ್ಲಿ 95 ಕೋರಿಕೆಗಳಿಗೆ ಇಷ್ಟು ಸೆಕೆಂಡುಗಳೊಳಗೆ ಉತ್ತರ ಎಂಬ ಷರತ್ತು ಒಪ್ಪಂದದಲ್ಲಿ ಸೇರಬೇಕು. ನಿಧಾನ ಪ್ರಶ್ನೆಗಳ ದಾಖಲಾತಿ ಗುತ್ತಿಗೆದಾರರ ಸ್ವತ್ತಾಗದೆ ಇಲಾಖೆಯ ಕೈಯಲ್ಲಿರಬೇಕು. ಅದನ್ನು ಓದಬಲ್ಲ ಕಾಯಂ ಸಿಬ್ಬಂದಿಯೊಬ್ಬರು ಪ್ರತಿ ದೊಡ್ಡ ಇಲಾಖೆಯಲ್ಲಿ ಇರಬೇಕು. ಗುತ್ತಿಗೆ ಬದಲಾದಾಗಲೆಲ್ಲ ವ್ಯವಸ್ಥೆಯ ಜ್ಞಾನವೂ ಬಾಗಿಲು ದಾಟಿ ಹೋಗುವಂತಾಗಬಾರದು. ಯಾವ ಸೇವೆಗೆ ಎಷ್ಟು ಸೆಕೆಂಡ್ ಹಿಡಿಯಿತೆಂಬ ಪಟ್ಟಿ ತಿಂಗಳಿಗೊಮ್ಮೆ ಸಾರ್ವಜನಿಕರ ಮುಂದೆ ಬರಬೇಕು.

ಇವುಗಳಲ್ಲಿ ಯಾವುದೂ ಹೊಸ ಸರ್ವರ್‌ನಷ್ಟು ದುಬಾರಿಯಲ್ಲ. ‘ಭೂ ಸುರಕ್ಷಾ’ ಯೋಜನೆಯಡಿ ರೆಕಾರ್ಡ್ ರೂಮುಗಳ ಹಳೆಯ ಕಡತಗಳನ್ನೂ ಸ್ಕ್ಯಾನ್ ಮಾಡಿ ಗಣಕಯಂತ್ರಕ್ಕೆ ಸೇರಿಸುವ ಕಾರ್ಯಕ್ಕೆ ಸರ್ಕಾರ 2024ರಲ್ಲಿ ಚಾಲನೆ ನೀಡಿದೆ. ಸ್ವಾಗತಾರ್ಹ ಕ್ರಮವೇ. ಇದರರ್ಥ ಮುಂಬರುವ ವರ್ಷಗಳಲ್ಲಿ ದತ್ತಾಂಶದ ರಾಶಿ ಇನ್ನಷ್ಟು ದೊಡ್ಡದಾಗಲಿದೆ ಎಂದು. ಗೆದ್ದಲು ಹಿಡಿಯುತ್ತಿದ್ದ ಕಡತ ಉಳಿದರೂ ಬೇಕಾದಾಗ ಕೈಗೆ ಸಿಗದಿದ್ದರೆ ಉಳಿದು ಪ್ರಯೋಜನವೇನು?

ಮುಂದಿನ ಬಾರಿ ಕಿಟಕಿಯಾಚೆಯಿಂದ ‘ಸರ್ವರ್ ಡೌನ್’ ಎಂಬ ಮಾತು ಬಂದಾಗ ‘ಡೌನೋ, ನಿಧಾನವೋ?’ ಎಂಬ ಮರುಪ್ರಶ್ನೆಯನ್ನು ಯಾರಾದರೂ ಕೇಳಬೇಕಿದೆ. ಕೇಳಬೇಕಾದವರು ಸಾಲಿನಲ್ಲಿ ನಿಂತ ರೈತರಲ್ಲ, ವಿಧಾನಸೌಧದಲ್ಲಿ ಖರೀದಿ ಕಡತಕ್ಕೆ ಸಹಿ ಹಾಕುವವರು.